ರೈತರ ಚರಿತ್ರೆ, ವಲಸೆಯ ಚರಿತ್ರೆ: ಯಾವುದನ್ನು ಮೊದಲು ಓದಲಿ?

ದಕ್ಷಿಣ ಏಷ್ಯಾದ ರೈತರು ಮತ್ತು ವಲಸೆಯ ಮೇಲೆ ಎಂ.ಎ. ಪ್ರಬಂಧ ಬರೀಬೇಕು. ಚರಿತ್ರೆಕಾರರಾದ ರಣಜಿತ್ ಗುಹಾ, ಹ್ಯೂ ಟಿಂಕರ್, ಬ್ರಿಜ್ ಲಾಲ್, ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ಎಲ್ಲ ಓದಬೇಕಾದವರ ಪಟ್ಟಿಯಲ್ಲಿದ್ದಾರೆ. ಇರೋದು ಒಂದೇ ಸೆಮಿಸ್ಟರ್. ಓದಿದವರು ದಯವಿಟ್ಟು ಹೇಳಿ.

ಉತ್ತರ 1
ಯಾವ ಕಡತ ಓದಿ ಬರೆದಿದ್ದಾರೆ ಅನ್ನೋದನ್ನ ನೋಡಿ ಆರಿಸಿ. ಕಂದಾಯದ ದಾಖಲೆ ನೆಚ್ಚಿದ ಪುಸ್ತಕದಲ್ಲಿ ರೈತ ಹೊಲ ಬಿಟ್ಟು ಕದಲೋದೇ ಇಲ್ಲ.

ನನ್ನ ಕೇಳಿದರೆ ಮೊದಲು ಲಾಲ್ ಅವರ ‘ಗಿರ್ಮಿಟಿಯಾಸ್’ (1983). 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಕರಾರು ಕೂಲಿಗಳಾಗಿ ಫಿಜಿಗೆ ಹೋದರು, ಇವರೇ ಗಿರ್ಮಿಟಿಗಳು. ತಲೆಗೊಂದು ವಲಸೆ ಪಾಸು: ಹೆಸರು, ತಂದೆ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ, ಮೈಮೇಲಿನ ಗುರುತು. ಉತ್ತರ ಭಾರತದಿಂದ ಹೋದ ಸುಮಾರು 45,000 ಜನರ ಪಾಸುಗಳನ್ನು ಲಾಲ್ ಜಾಲಾಡಿದ್ದಾರೆ. ಹುಟ್ಟಿದ ಜಿಲ್ಲೆ ಒಂದು, ಹೆಸರು ಬರೆಸಿದ ಜಿಲ್ಲೆ ಇನ್ನೊಂದು ಆಗಿದ್ದವರು ಅದರಲ್ಲಿ ಬಹಳ ಮಂದಿ. ಅಂದರೆ ಅರ್ಕಾಟಿ ಅನ್ನೋ ದಲ್ಲಾಳಿಯ ಕಣ್ಣಿಗೆ ಬೀಳೋ ಮೊದಲೇ ಅವರು ಕೂಲಿ ಹುಡುಕಿಕೊಂಡು ಊರು ಬಿಟ್ಟಿದ್ದರು. ಲಾಲ್ ಸ್ವತಃ ಗಿರ್ಮಿಟಿಯ ಮೊಮ್ಮಗ. ಆದರೂ ಅಂಕಿಗಳ ಮುಂದೆ ಭಾವನೆಯನ್ನು ಎಷ್ಟು ಹದ್ದುಬಸ್ತಿನಲ್ಲಿ ಇಟ್ಟಿದ್ದಾರೆ ನೋಡಿ, ಅದಕ್ಕೇ ನನಗೆ ಆ ಪುಸ್ತಕದ ಮೇಲೆ ಅಷ್ಟು ಗೌರವ.

ಗುಹಾ ತಮ್ಮ 1983ರ ಪುಸ್ತಕದಲ್ಲಿ ಬರೆದಿರೋದು 1783ರಿಂದ 1900ರವರೆಗಿನ ರೈತ ದಂಗೆಗಳ ಬಗ್ಗೆ. ಬಹಳ ಮಹತ್ವದ ಪುಸ್ತಕ, ಆದರೆ ನಿಮ್ಮ ವಿಷಯ ವಲಸೆಯಾದರೆ ಆಮೇಲೆ ಓದಬಹುದು.

ಉತ್ತರ 2
ಮೇಲಿನವರು ಹೇಳಿದ್ದು ಸರಿ, ಆದರೆ ಲಾಲ್ ಒಬ್ಬರನ್ನೇ ಓದಿ ನಿಲ್ಲಿಸಬೇಡಿ. ಜನ ತಾವಾಗೇ ಹೊರಟಿದ್ದರು ಅನ್ನೋದನ್ನೇ ಹಿಡಿದುಕೊಂಡರೆ ಫಿಜಿಯ ಕಬ್ಬಿನ ತೋಟದಲ್ಲಿ ಅವರಿಗೆ ಆದದ್ದು ಮರೆತುಹೋಗುತ್ತೆ. ಕೆಲಸಕ್ಕೆ ಹೋಗದಿದ್ದರೆ ದಂಡ, ಇಲ್ಲವೇ ಜೈಲು. ಅದಕ್ಕೆ ಟಿಂಕರ್ ಅವರ 1974ರ ಪುಸ್ತಕ ಬೇಕೇ ಬೇಕು. ಇಬ್ಬರನ್ನೂ ಒಟ್ಟಿಗೆ ಓದಿದರೆ ಪ್ರಬಂಧಕ್ಕೆ ಬೇಕಾದ ವಾದ ಅಲ್ಲೇ ಹುಟ್ಟುತ್ತೆ.

ಇನ್ನೊಂದು ಮಾತು. ಮದ್ರಾಸಿನಿಂದ ಫಿಜಿಗೆ ಜನ ಹೋಗಲು ಶುರುವಾದದ್ದು 1903ರಲ್ಲಿ. ಅವರು ಲಾಲ್ ಲೆಕ್ಕದಲ್ಲಿಲ್ಲ. ಸಿಲೋನ್, ಮಲಯಾಕ್ಕೆ ಕಂಗಾಣಿಗಳ, ಅಂದರೆ ತೋಟಕ್ಕೆ ಆಳು ಕೂಡಿಸೋ ಮೇಸ್ತ್ರಿಗಳ ಹಿಂದೆ, ಮುಂಗಡದ ಸಾಲ ಹೊತ್ತು ಹೋದ ತಮಿಳರ ಕಥೆಯೇ ಬೇರೆ. ದಕ್ಷಿಣದ ಕಡೆ ಒಲವಿದ್ದರೆ ಬಂಗಾಳ ಕೊಲ್ಲಿಯ ಬಗ್ಗೆ ಸುನಿಲ್ ಅಮೃತ್ 2013ರಲ್ಲಿ ಬರೆದ ಪುಸ್ತಕ ಹಿಡಿಯಿರಿ.

ಉತ್ತರ 3
ಸಮುದ್ರ ದಾಟದ ವಲಸೆಗೆ ಬ್ರೆಮನ್ ಅವರ 1985ರ ಪುಸ್ತಕ ಓದಿ. ದಕ್ಷಿಣ ಗುಜರಾತಿನ ಬಾರ್ಡೋಲಿಯಲ್ಲಿ ಕಬ್ಬು ಕಡಿಯೋಕೆ ಮಹಾರಾಷ್ಟ್ರದ ಖಾನ್‌ದೇಶದಿಂದ ಗುಂಪುಗುಂಪಾಗಿ ಜನ ಬರ್ತಾರೆ. ಅಲ್ಲೇ ಹುಟ್ಟಿದ ಹಳಪತಿ ಅನ್ನೋ ಭೂಹೀನ ಸಮುದಾಯದವರು ಕೂಲಿಗಾಗಿ ಬೇರೆ ಕಡೆ ಹೋಗ್ತಾರೆ. ಹೊರಗಿನವರನ್ನು ಕರೆಸೋದು ಮಾಲೀಕರಿಗೆ ಯಾಕೆ ಅನುಕೂಲ ಅನ್ನೋದನ್ನ ಹಳ್ಳಿಯಲ್ಲಿ ಕೂತು ನೋಡಿ ಬರೆದಿದ್ದಾರೆ. ರೈತ, ವಲಸಿಗ ಅಂತ ಎರಡು ಅಧ್ಯಾಯ ಮಾಡೋ ಯೋಚನೆ ಇದ್ದರೆ, ಇದನ್ನು ಓದಿದ ಮೇಲೆ ತೀರ್ಮಾನ ಮಾಡಿ.