ಶುಗರ್ ಬಾರ್ಡರ್‌ನಲ್ಲಿದೆ ಅಂದರು, ಮಂಡಿ ನೋವೂ ಇದೆ. ಮನೆ ಊಟದಲ್ಲೇ ಏನು ಬದಲಾಯಿಸಲಿ?

ತುಮಕೂರಿನವಳು:

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಹೋದ ತಿಂಗಳು ಸುಮ್ನೆ ಒಂದು ಸಲ ನೋಡಿಸೋಣ ಅಂತ ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯಲ್ಲಿ 114, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂತು. ಡಾಕ್ಟರು "ಬಾರ್ಡರ್‌ನಲ್ಲಿದೆ, ಈಗಲೇ ಮಾತ್ರೆ ಬೇಡ, ಅನ್ನ ಕಮ್ಮಿ ಮಾಡಿ, ದಿನಾ ಒಂದು ಗಂಟೆ ವಾಕಿಂಗ್ ಮಾಡಿ, ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ಹೊರಗೆ ಇನ್ನೂ ಎಷ್ಟೋ ಜನ ಕಾಯುತ್ತಿದ್ದರು. ನಾನೂ ಏನೂ ಕೇಳದೆ ಎದ್ದು ಬಂದೆ.

ನಮ್ಮಮ್ಮನಿಗೆ ಶುಗರ್ ಇತ್ತು. ಕೊನೆಗೆ ಕಾಲಿನ ಎರಡು ಬೆರಳು ತೆಗೆಸಬೇಕಾಯಿತು. ಅದನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಭಯ ಜಾಸ್ತಿ.

ಒಬ್ಬರು ಅನ್ನ ಪೂರ್ತಿ ಬಿಡಿ, ಮುದ್ದೆ ಎಷ್ಟು ಬೇಕಾದರೂ ತಿನ್ನಿ ಅಂತಾರೆ. ಇನ್ನೊಬ್ಬರು ಓಟ್ಸ್ ಅಂತಾರೆ. ವಾಟ್ಸಾಪ್‌ನಲ್ಲಿ ಬಂದ ಚಾರ್ಟ್‌ನಲ್ಲಿ ಬ್ರೊಕೊಲಿ, ಆಲಿವ್ ಎಣ್ಣೆ, ಬಾದಾಮಿ ಹಾಲು ಅಂತೆಲ್ಲ ಇದೆ. ನಮ್ಮ ಮನೆಯಲ್ಲಿ ಐದು ಜನ, ಎಲ್ಲರಿಗೂ ಒಂದೇ ಅಡುಗೆ. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ, ಇಲ್ಲ ಉಪ್ಪಿಟ್ಟು. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ರಾತ್ರಿ ಅನ್ನ, ತಿಳಿಸಾರು. ನನಗೊಬ್ಬಳಿಗೆ ಅಂತ ಬೇರೆ ಪಾತ್ರೆ ಇಡೋಕೆ ಸಮಯವೂ ಇಲ್ಲ, ಮನಸ್ಸೂ ಬರಲ್ಲ. ಜೊತೆಗೆ ಬಲಗಾಲಿನ ಮಂಡಿ ಹದಿನೈದು ನಿಮಿಷ ನಡೆದರೆ ಹಿಡಿದುಕೊಳ್ಳುತ್ತೆ. ಒಂದು ಗಂಟೆ ವಾಕಿಂಗ್ ನನ್ನ ಕೈಯಲ್ಲಿ ಆಗುವ ಮಾತಲ್ಲ.

ಹೀಗಿರುವಾಗ ಎಲ್ಲಿಂದ ಶುರು ಮಾಡಲಿ? ಅನುಭವ ಇರುವವರು ದಯವಿಟ್ಟು ಹೇಳಿ.

ನಂಜನಗೂಡು ಮೇಷ್ಟ್ರು:

ನೋಡಮ್ಮ, ಮೊದಲು ಆ ಚಾರ್ಟ್ ಅಳಿಸಿಬಿಡು. ನಾಲ್ಕು ವರ್ಷದ ಹಿಂದೆ, ನಿವೃತ್ತಿಯಾದ ವರ್ಷವೇ, ನನಗೂ 6.4 ಬಂದಿತ್ತು. ನಾನೂ ನಿನ್ನ ಹಾಗೆ ಊರವರ ಮಾತು ಕೇಳಿ ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ತಿನ್ನತೊಡಗಿದೆ, ದೊಡ್ಡ ದೊಡ್ಡ ಮುದ್ದೆ. ಮೂರು ತಿಂಗಳಾದರೂ ಏನೂ ಇಳಿಯಲಿಲ್ಲ.

ಆಮೇಲೆ ಮಗಳು ಒಂದು ಗ್ಲುಕೋಮೀಟರ್ ತಂದುಕೊಟ್ಟಳು. ಊಟಕ್ಕೆ ಮುಂಚೆ ಒಂದು ಸಲ ಚುಚ್ಚಿ ನೋಡುವುದು, ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಂದು ಸಲ. ಏನು ತಿಂದೆ, ಎಷ್ಟು ತಿಂದೆ ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಎರಡು ಮುದ್ದೆ, ನೀರು ಸಾರು: 188. ಒಂದು ಸಣ್ಣ ಮುದ್ದೆ, ಗಟ್ಟಿಯಾದ ಹುರುಳಿಕಾಳು ಸಾರು, ಒಂದು ಬಟ್ಟಲು ಹುರುಳಿಕಾಯಿ ಪಲ್ಯ: 137. ಒಂದು ಸಣ್ಣ ಬಟ್ಟಲು ಅನ್ನಕ್ಕೆ ತರಕಾರಿ ಹುಳಿ ಜಾಸ್ತಿ ಹಾಕಿಕೊಂಡು ತಿಂದ ದಿನ 141. ಅಂದರೆ ನನ್ನ ಮಟ್ಟಿಗೆ ಅನ್ನವೋ ಮುದ್ದೆಯೋ ಅನ್ನುವುದಕ್ಕಿಂತ ಎಷ್ಟು ತಿಂದೆ, ಜೊತೆಗೆ ಏನಿತ್ತು ಅನ್ನುವುದೇ ಮುಖ್ಯವಾಗಿತ್ತು. ರಾಗಿ ಒಳ್ಳೆಯದೇ. ಸುಣ್ಣದ ಅಂಶ ಇದೆ, ಅಕ್ಕಿಗಿಂತ ನಾರು ಜಾಸ್ತಿ. ಆದರೆ ರಾಗಿ ಹಿಟ್ಟಿನಲ್ಲೂ ಹೆಚ್ಚುಕಮ್ಮಿ ಮೂರನೇ ಎರಡು ಭಾಗ ಪಿಷ್ಟವೇ ಅಲ್ವಾ? ಎಷ್ಟಾದರೂ ತಿನ್ನಬಹುದು ಅನ್ನುವ ಮಾತು ಸುಳ್ಳು.

ಇನ್ನೊಂದು ವಿಷಯ ನನಗೆ ತುಂಬಾ ಆಶ್ಚರ್ಯ ತಂದಿತು. ಒಂದೇ ಒಲೆಯ ಮೂರು ಇಡ್ಲಿ, ಅದೇ ಚಟ್ನಿ. ನನಗೆ 190, ನಮ್ಮ ಮನೆಯವಳಿಗೆ 126. ಅಂದಿನಿಂದ ಇಡ್ಲಿ ದಿನ ನಾನು ಎರಡಕ್ಕೇ ನಿಲ್ಲಿಸಿ ಸಾಂಬಾರು ಜಾಸ್ತಿ ಹಾಕಿಕೊಳ್ಳುತ್ತೇನೆ. ಅಡುಗೆ ಒಂದೇ, ತಟ್ಟೆಗಳು ಬೇರೆ. ಬೇರೆ ಪಾತ್ರೆ ಇಡಬೇಕಾಗೇ ಇಲ್ಲ.

ನಡಿಗೆ ವಿಷಯಕ್ಕೆ ಬಂದರೆ, ಒಂದು ಗಂಟೆ ಬೇಡ. ಊಟ ಮಾಡಿ ಕೈ ತೊಳೆದು ಕೂರಬೇಡ. ಮನೆ ಅಂಗಳದಲ್ಲೇ ಹತ್ತು ನಿಮಿಷ ನಿಧಾನಕ್ಕೆ ಓಡಾಡು. ಮೂರು ಹೊತ್ತು ಮಾಡಿದರೆ ಅರ್ಧ ಗಂಟೆ ಆಯಿತು, ಮಂಡಿಗೂ ಭಾರ ಬೀಳಲ್ಲ.

ಹುಬ್ಬಳ್ಳಿ ಡಯಟಿಷಿಯನ್:

ಅಕ್ಕಾರ, ನಮಸ್ಕಾರರೀ. ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಧೈರ್ಯ ತಂದುಕೊಳ್ಳಿ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಅದು ಮಧುಮೇಹಕ್ಕೆ ಮುಂಚಿನ ಹಂತ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಈ ಹಂತದಲ್ಲಿ ಇರುವವರು 13.6 ಕೋಟಿ ಜನ. ಇಲ್ಲಿಂದ ಹಿಂದಕ್ಕೆ ಬರಬಹುದು. ಚೆನ್ನೈ ಕಡೆ ಇಂಥವರನ್ನೇ ಸುಮಾರು ಮೂರು ವರ್ಷ ಗಮನಿಸಿದರು, 2006ರಲ್ಲಿ ಅದರ ಫಲಿತಾಂಶ ಬಂತು. ಮಾಮೂಲಿ ಸಲಹೆ ಕೇಳಿ ಮನೆಗೆ ಹೋದವರಲ್ಲಿ 100ಕ್ಕೆ 55 ಜನರಿಗೆ ಮಧುಮೇಹ ಬಂತು. ಊಟ ಮತ್ತು ನಡಿಗೆ ಬದಲಾಯಿಸಿಕೊಂಡವರಲ್ಲಿ ಅದು 39ಕ್ಕೆ ಇಳಿಯಿತು. ನಮ್ಮಂಥದ್ದೇ ಊಟ ಮಾಡುವ ಜನರಲ್ಲಿ ಆದದ್ದು ಇದು, ಅದಕ್ಕೇ ನನಗೆ ಈ ಲೆಕ್ಕದ ಮೇಲೆ ನಂಬಿಕೆ.

ಮೇಷ್ಟ್ರು ಹೇಳಿದ ಊಟದ ನಂತರದ ನಡಿಗೆಗೆ ಬಲವಾದ ಕಾರಣ ಇದೆ. ಕಾಲಿನ ಸ್ನಾಯು ಕೆಲಸ ಮಾಡುವಾಗ ರಕ್ತದಲ್ಲಿರುವ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ, ಅದಕ್ಕೆ ಇನ್ಸುಲಿನ್ ಅಷ್ಟಾಗಿ ಬೇಕಾಗುವುದಿಲ್ಲ. ನ್ಯೂಜಿಲೆಂಡ್‌ನಲ್ಲಿ 2016ರಲ್ಲಿ ಮಧುಮೇಹ ಇರುವವರ ಮೇಲೆ ಹೋಲಿಸಿ ನೋಡಿದ್ದಾರೆ. ದಿನಕ್ಕೆ ಒಂದೇ ಸಲ 30 ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ಮೇಲಿನ ಸಕ್ಕರೆ ಸರಾಸರಿ ಶೇ 12 ಕಮ್ಮಿ ಇತ್ತು. ರಾತ್ರಿ ಊಟದ ನಂತರವಂತೂ ಶೇ 22 ಕಮ್ಮಿ. ನಮ್ಮಲ್ಲಿ ರಾತ್ರಿ ಊಟ ದೊಡ್ಡದು, ತಿಂದ ಕೂಡಲೇ ಟಿವಿ ಮುಂದೆ ಕೂರುತ್ತೇವೆ. ಆ ಹತ್ತು ನಿಮಿಷವೇ ಬೆಲೆಬಾಳುವ ಹತ್ತು ನಿಮಿಷ.

ಒಂದೇ ಇಡ್ಲಿ ಇಬ್ಬರಿಗೆ ಬೇರೆ ಆಗುವುದೂ ನಿಜ. ಬ್ರಿಟನ್ನಿನಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ, ಅದು 2020ರದ್ದು, ಒಂದೇ ರೂಪದ ಅವಳಿಗಳಿಗೂ ಒಂದೇ ಊಟಕ್ಕೆ ಸಕ್ಕರೆ ಬೇರೆ ಬೇರೆ ಏರಿತ್ತು. ನಿದ್ದೆ, ತಿನ್ನುವ ಹೊತ್ತು, ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಎಲ್ಲಕ್ಕೂ ಇದರಲ್ಲಿ ಪಾಲಿದೆ. ಹಾಗಂತ ದುಬಾರಿ ಡಿಎನ್ಎ ಪರೀಕ್ಷೆ, ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟುವ ಆ್ಯಪ್ ಯಾವುದೂ ಈಗ ನಿಮಗೆ ಬೇಡ. ನೋಟ್‌ಬುಕ್ ಸಾಕು.

ತಟ್ಟೆಯಲ್ಲಿ ಅರ್ಧ ಭಾಗ ಪಲ್ಯ, ಕೋಸಂಬರಿ, ಸೊಪ್ಪು. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ ರೊಟ್ಟಿಯೋ ನಿಮ್ಮಿಷ್ಟ. ಪಲ್ಯ, ಕಾಳು ಮೊದಲು ತಿಂದು ಅನ್ನ ಕೊನೆಗೆ ತಿಂದು ನೋಡಿ, ಬಹಳ ಜನರಿಗೆ ಅಷ್ಟರಲ್ಲೇ ವ್ಯತ್ಯಾಸ ಕಾಣುತ್ತದೆ. ರಾತ್ರಿ ತಿಳಿಸಾರಿನ ಬದಲು ಹೆಸರುಕಾಳು ಸಾರೋ ಬಸ್ಸಾರೋ ಮಾಡಿ, ಬಸ್ಸಾರಿನ ಜೊತೆಗೆ ಪಲ್ಯವೂ ಆಗಿಬಿಡುತ್ತದೆ.

ಮಂಡಿಗೆ: ಕುರ್ಚಿಯಲ್ಲಿ ನೆಟ್ಟಗೆ ಕೂತು ಒಂದು ಕಾಲನ್ನು ಮುಂದಕ್ಕೆ ಚಾಚಿ, ತೊಡೆ ಬಿಗಿ ಮಾಡಿ, ಐದು ಎಣಿಸಿ ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲ. ತೊಡೆಗೆ ಶಕ್ತಿ ಬಂದರೆ ಮಂಡಿಯ ಮೇಲಿನ ಭಾರ ತಗ್ಗುತ್ತದೆ. ನೋವು ಹೆಚ್ಚಾದರೆ, ಊತ ಬಂದರೆ ನಿಲ್ಲಿಸಿ ತೋರಿಸಿ.

ಒಂದು ಮುಖ್ಯ ಪ್ರಶ್ನೆ. ನಿಮಗೆ ರಕ್ತಹೀನತೆ ಇದೆಯೇ? ತಿಂಗಳ ಸ್ರಾವ ಜಾಸ್ತಿಯೇ? ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಖಾಲಿ ಹೊಟ್ಟೆಯ 114 ಇದ್ದೇ ಇದೆ, ಹಾಗಾಗಿ ನಿರ್ಲಕ್ಷ್ಯ ಬೇಡ. ಆದರೂ ಹಿಮೋಗ್ಲೋಬಿನ್ ನೋಡಿಸಿಬಿಡಿ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ. 70ಕ್ಕಿಂತ ಕೆಳಗೆ ಹೋದರೆ ಅಪಾಯ. ಪಾದ ಜೋಮು ಹಿಡಿಯುವವರು ಬರಿಗಾಲಲ್ಲಿ ನಡೆಯಲೇಬೇಡಿ.

ನ್ಯೂಜೆರ್ಸಿಯಿಂದ:

ಅಕ್ಕ, ನಾನು ಮೂಲತಃ ಶಿವಮೊಗ್ಗದವಳು. ಮೇಷ್ಟ್ರ ಮಾತಿಗೆ ಒಂದು ಚೂರು ತಕರಾರು ಇದೆ, ಬೇಜಾರು ಮಾಡಿಕೊಳ್ಳಬೇಡಿ ಸರ್. ನಾನೂ ಹೀಗೇ ಚುಚ್ಚಿ ನೋಡಲು ಶುರು ಮಾಡಿ ದಿನಕ್ಕೆ ಆರೇಳು ಸಲಕ್ಕೆ ಹೋದೆ. ಒಂದು ಬಾಳೆಹಣ್ಣು ತಿನ್ನಲೂ ಹೆದರಿಕೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಿದ್ದೆಗೆಟ್ಟ ಮಾರನೇ ದಿನ ಬೆಳಗಿನ ಶುಗರ್ ಇನ್ನೂ ಜಾಸ್ತಿ. ಭಯದ ಸ್ವಭಾವ ಇರುವವರು ಮಷಿನ್ ಜೊತೆ ಹುಷಾರಾಗಿರಬೇಕು.

ಇಲ್ಲಿ ಚಳಿಗಾಲದಲ್ಲಿ ಹೊರಗೆ ಕಾಲಿಡಲು ಆಗಲ್ಲ. ರಾತ್ರಿ ಊಟ ಆದ ಕೂಡಲೇ ಊರಿಗೆ ಅಮ್ಮನಿಗೆ ಫೋನ್ ಮಾಡಿ, ಮಾತಾಡುತ್ತಾ ಹಾಲ್‌ನಿಂದ ಅಡುಗೆಮನೆಗೆ ಓಡಾಡುತ್ತೇನೆ. ಅಮ್ಮನಿಗೆ ಆಗ ಬೆಳಗಿನ ಹೊತ್ತು. ಅವರೂ ಅಲ್ಲಿ ತಿಂಡಿ ತಿಂದು ವರಾಂಡದಲ್ಲಿ ನಡೆಯುತ್ತಾರೆ. ಒಂದು ವರ್ಷದಿಂದ ತಪ್ಪಿಸಿಲ್ಲ.

ನಂಜನಗೂಡು ಮೇಷ್ಟ್ರು:

ಬೇಜಾರೇನಿಲ್ಲ ತಾಯಿ, ನೀನು ಹೇಳಿದ್ದು ಸರಿ. ನಾನು ಅದನ್ನು ಮೊದಲೇ ಬರೆಯಬೇಕಿತ್ತು. ಎರಡೇ ವಾರ, ದಿನಕ್ಕೆ ಒಂದು ಊಟ ಮಾತ್ರ ನೋಡಿಕೊಳ್ಳಿ. ಯಾವುದು ಆಗುತ್ತೆ, ಯಾವುದು ಆಗಲ್ಲ ಅಂತ ಗೊತ್ತಾದ ಮೇಲೆ ಮಷಿನ್ ಬೀರುವಿನಲ್ಲಿ ಇಡಿ. ಸ್ಟ್ರಿಪ್‌ಗಳಿಗೂ ದುಡ್ಡು ಬೇಕಲ್ಲ.

ತುಮಕೂರಿನವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹನ್ನೆರಡು ದಿನ ಆಯಿತು, ಅಷ್ಟರಲ್ಲಿ ಗೊತ್ತಾದದ್ದು ಹೇಳುತ್ತೇನೆ.

ನನಗೆ ಇಡ್ಲಿ ಅಷ್ಟೇನೂ ಏರಿಸಲಿಲ್ಲ, 139. ಚಿತ್ರಾನ್ನ ತಿಂದ ದಿನ 182! ಈಗ ಚಿತ್ರಾನ್ನದ ದಿನ ಮನೆಯವರಿಗೆಲ್ಲ ಹೆಸರುಕಾಳು ಉಸಲಿಯನ್ನೂ ಮಾಡುತ್ತೇನೆ. ನಾನು ಉಸಲಿ ಜಾಸ್ತಿ, ಚಿತ್ರಾನ್ನ ನಾಲ್ಕು ಚಮಚ. ಯಾರಿಗೂ ಬೇರೆ ಅಡುಗೆ ಅನ್ನಿಸಿಲ್ಲ, ಮಗ ಉಸಲಿಯನ್ನೇ ಎರಡನೇ ಸಲ ಕೇಳಿದ.

ರಾತ್ರಿ ಊಟ ಆದ ಮೇಲೆ ಟೆರೇಸ್ ಮೇಲೆ ಹತ್ತು ನಿಮಿಷ. ಮೂರನೇ ದಿನದಿಂದ ಅತ್ತೆಯೂ ಬರತೊಡಗಿದರು. ಅವರಿಗೆ 74, ನನಗಿಂತ ನಿಧಾನ, ಆ ನಿಧಾನವೇ ನನ್ನ ಮಂಡಿಗೂ ಸರಿಹೋಗಿದೆ. ಕುರ್ಚಿ ವ್ಯಾಯಾಮ ಬೇಳೆ ಬೇಯುವ ಹೊತ್ತಿನಲ್ಲಿ ಮುಗಿಯುತ್ತೆ.

ಡಯಟಿಷಿಯನ್ ಮೇಡಂ, ನೀವು ಕೇಳಿದ್ದು ಓದಿ ಒಂದು ಕ್ಷಣ ಸುಮ್ಮನಾದೆ. ಹೌದು, ಎರಡು ವರ್ಷದಿಂದ ಸ್ರಾವ ತುಂಬಾ ಜಾಸ್ತಿ. ಈ ವಯಸ್ಸಿಗೆ ಎಲ್ಲರಿಗೂ ಇದ್ದದ್ದೇ ಅಂತ ಯಾರಿಗೂ ಹೇಳಿರಲಿಲ್ಲ, ಡಾಕ್ಟರಿಗೂ ಹೇಳಿಲ್ಲ. ಸೋಮವಾರ ಹಿಮೋಗ್ಲೋಬಿನ್ ನೋಡಿಸಲು ಹೋಗುತ್ತಿದ್ದೇನೆ, ಈ ಸಲ ಕೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕುತ್ತೇನೆ.