ಮಲಾವಿಯಿಂದ ಬಂದ ತಮ್ಮಗ ಮೂತ್ರದಾಗ ರಕ್ತ, ಸ್ಟೋನ್ ಇಲ್ಲ ಅಂತಾರ

ಪ್ರಶ್ನೆ: ನಮಸ್ಕಾರ್ರಿ ಡಾಕ್ಟರ್ ಸಾಹೇಬ್ರ, ನಾನು ಬಾಗಲಕೋಟಿ ನವನಗರದಾಕಿ. ನನ್ನ ತಮ್ಮ ಆಫ್ರಿಕಾದ ಮಲಾವಿ ದೇಶದಾಗ ಎರಡು ವರ್ಷ ಬೋರ್‌ವೆಲ್ ಗಾಡಿ ಮ್ಯಾಲೆ ಕೆಲಸಾ ಮಾಡಿ ಯುಗಾದಿಗೆ ವಾಪಸ್ ಬಂದಾನ್ರಿ. ಬಂದಾಗಿಂದ ಒಂದಕ್ಕ ಹೋದ್ರ ಕಡೀಕ ಕೆಂಪಗ ಬರ್ತೈತಿ, ಜ್ವರಾ ಇಲ್ಲ. ಸ್ಕ್ಯಾನ್‌ನಾಗ ಸ್ಟೋನ್ ಇಲ್ಲ ಅಂದ್ರು, ಇನ್ಫೆಕ್ಷನ್ ಗುಳಿಗಿ ಮೂರು ಕೋರ್ಸ್ ಆದೂ, ಕಡಿಮಿ ಆಗವಲ್ದು. ಅವ್ವ ಊಟಾನ ಬಿಟ್ಟಾಳ್ರಿ.

ಡಾಕ್ಟರ್: ತಂಗೀ, ಅವ ಅಲ್ಲಿ ಕೆರಿ ಹೊಳ್ಯಾಗ ಇಳಿದಿದ್ನೇನ ಕೇಳ್ವಾ ಮೊದ್ಲ.

ಪ್ರಶ್ನೆ: ಕೇಳ್ದೆ ರಿ. ಸಣ್ಣಾಂವ ಇದ್ದಾಗಿಂದ ಘಟಪ್ರಭಾದಾಗ ಈಜಿದಾಂವ, ಅಲ್ಲೂ ರವಿವಾರಕ್ಕೊಮ್ಮೆ ಮಲಾವಿ ಸರೋವರದಾಗ ಜಳಕಾ ಮಾಡ್ತಿದ್ರಂತ. ಇದನ್ನ ಇಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಡಾಕ್ಟರ್: ಹಂಗಾರ ಬಿಲ್‌ಹಾರ್ಜಿಯಾ ಅನ್ನೂ ಹುಳದ ಬ್ಯಾನಿ ಇರಬಹುದು, ಸಿಸ್ಟೊಸೋಮಿಯಾಸಿಸ್ ಅಂತಾರ. ನೀರಾಗಿನ ಬಸವನಹುಳದಿಂದ ಈ ಬ್ಯಾನಿ ಹುಳದ ಸಣ್ಣ ಮರಿ ಹೊರಗ ಬಂದು ನೀರಾಗ ನಿಂತವರ ಚರ್ಮದಾಗ ಹಾದು ಒಳಗ ಹೊಕ್ತಾವ, ಕುಡಿಯೂದೂ ಬ್ಯಾಡ ಗಾಯಾನೂ ಬ್ಯಾಡ, ಆಮ್ಯಾಲೆ ಮೂತ್ರಚೀಲದ ಸುತ್ತಿನ ರಕ್ತನಾಳದಾಗ ಜೋಡಿ ಹುಳಾ ವರ್ಷಗಟ್ಲೆ ಕುಂತು ತತ್ತಿ ಇಡ್ತಾವ, ಆ ತತ್ತಿಗೆ ಮುಳ್ಳಿರ್ತೈತಿ, ಚೀಲದ ಗೋಡಿ ಹರಕೊಂಡು ಬರೂದಕ್ಕ ಕಡೀಕ ರಕ್ತ. ಇನ್ಫೆಕ್ಷನ್ ಗುಳಿಗಿ ಈ ಹುಳಕ್ಕ ತಾಗೂದ ಇಲ್ಲ.

ನಮ್ಮ ಕಡೆ ಇದು ಕಾಣೂದಿಲ್ಲ, ಅದಕ್ಕ ಡಾಕ್ಟರ್‌ಗೆ ನೆನಪಾಗೂದಿಲ್ಲ. 1952ರಾಗ ರತ್ನಾಗಿರಿ ಜಿಲ್ಲಾದ ಗಿಮ್ವಿ ಊರಾಗ ಸಿಕ್ಕಿತ್ತು, ಅದ ನಮಗ ಹತ್ರದ್ದು.

ಮೂತ್ರ ಮುಂಜಾನೆ ಎದ್ದ ತಕ್ಷಣದ್ದು ಕೊಡಬ್ಯಾಡ್ರಿ. 10 ರಿಂದ 2 ರ ಒಳಗಿಂದು, ಕಡೀ ಹನಿ ಸಮೇತ ಕೊಡ್ರಿ, ತತ್ತಿ ಆವಾಗ ಜಾಸ್ತಿ ಬರ್ತಾವ. ಲ್ಯಾಬ್‌ನವ್ರಿಗೆ ತತ್ತಿ ಹುಡುಕ್ರಿ ಅಂತ ಬಾಯಿ ಬಿಟ್ಟು ಹೇಳ್ರಿ, ಇಲ್ಲಾಂದ್ರ ಬರೇ ಪಸ್ ಸೆಲ್ ಎಣಿಸಿ ಕಳಿಸ್ತಾರ. ಒಮ್ಮೆ ಸಿಗಲಿಲ್ಲಂದ್ರ ಮತ್ತ ಎರಡು ಮೂರು ದಿನಾ ಕೊಡ್ರಿ. ಸಿಬಿಸಿ ರಕ್ತ ಪರೀಕ್ಷಾದಾಗ ಇಯೊಸಿನೊಫಿಲ್, ಅಂದ್ರ ಇಂಥಾ ಹುಳಾ ಇದ್ರ ಏರೂ ಬಿಳಿ ರಕ್ತಕಣ, ಎಷ್ಟೈತಿ ನೋಡ್ರಿ. ತತ್ತಿ ಸಿಗದನ ರಕ್ತ ನಿಲ್ಲಲಿಲ್ಲಂದ್ರ ಯೂರಾಲಜಿಸ್ಟ್ ಕಡೆ ಹೋಗ್ಲೇಬೇಕು.

ಔಷಧ ಪ್ರಾಜಿಕ್ವಾಂಟೆಲ್, ತೂಕದ ಲೆಕ್ಕದಾಗ ಕೆಜಿಗೆ 40 ಮಿಲಿಗ್ರಾಂ, ಒಂದ ದಿನದ್ದು. ಡಾಕ್ಟರ್ ಬರದು ಕೊಟ್ಟ ಮ್ಯಾಲೇನ ತಗೋಬೇಕು. ಬಿಟ್ರ ಮುಂದ ಮೂತ್ರಚೀಲದ ಕ್ಯಾನ್ಸರ್ ತನಕ ಹೋಗಬಹುದು, ಅದಕ್ಕ ತಡಾ ಮಾಡಬ್ಯಾಡ್ರಿ.

ಪ್ರಶ್ನೆ: ಮನ್ಯಾಗ ಸಣ್ಣ ಹುಡುಗ್ರು ಅದಾವ್ರಿ, ಬಾತ್‌ರೂಮ್ ಬ್ಯಾರೆ ಮಾಡೂಣೇನು?

ಡಾಕ್ಟರ್: ಬ್ಯಾಡವಾ. ಒಬ್ಬರಿಂದ ಒಬ್ಬರಿಗೆ ಅಂಟೂದಿಲ್ಲ, ನಡುವ ಆ ಬಸವನಹುಳಾ ಬೇಕ ಬೇಕು. ಅವನ ಜೋಡಿ ಈಜಿದ ಗೆಳ್ಯಾರಿಗೆ ಮಾತ್ರ ಇವತ್ತ ಫೋನ್ ಹಚ್ಚಲಿ, ರಕ್ತ ಕಾಣಲಿಲ್ಲಂದ್ರೂ ಟೆಸ್ಟ್ ಮಾಡಿಸ್ಕೊಳ್ರಿ ಅಂತ. ಅವರೊಳಗ ಯಾರಿಗರ ಜ್ವರಾ ಬಂದ್ರ ಮಲೇರಿಯಾ ಟೆಸ್ಟ್ ಅವತ್ತಿಗವತ್ತ ಆಗಬೇಕು, ಆಫ್ರಿಕಾದ ಮಲೇರಿಯಾ ನಾಳಿ ತನಕ ಕಾಯೂದಲ್ಲ.