ಒಂದೇ ಚಕ್ರದ ಡಿಸ್ಕ್ ಕಾಯುತ್ತಿದೆ: ಬ್ರೇಕ್ ಆಯಿಲ್ ಬದಲಿಸಿದರೆ ಸಾಕೇ?

ಪ್ರಶ್ನೆ:
ನನ್ನ ಎಟಿವಿಯನ್ನು (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಎರಡು ದಿನ ಕೆಸರಿನಲ್ಲಿಯೂ ಮೊಣಕಾಲುದ್ದದ ನೀರಿನಲ್ಲಿಯೂ ಓಡಿಸಿದ ಮೇಲೆ, ಮುಂದಿನ ಎಡ ಚಕ್ರದ ಡಿಸ್ಕ್ ಮಾತ್ರ ಹತ್ತಿರ ಕೈ ಒಯ್ಯಲಾಗದಷ್ಟು ಕಾಯುತ್ತಿದೆ. ಲಿವರ್ ಕೂಡ ಮೊದಲಿಗಿಂತ ಹೆಚ್ಚು ಒಳಗೆ ಹೋಗುತ್ತಿದೆ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಕಳೆದಿದೆ. ಆಯಿಲ್ ಬದಲಿಸಿ ಏರ್ ತೆಗೆದರೆ ಸರಿಹೋಗುವುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಆಯಿಲ್ ಬದಲಿಸುವ ಕಾಲ ಬಂದಿದೆ ನಿಜ, ಆದರೆ ಒಂದೇ ಚಕ್ರ ಕಾಯುವುದಕ್ಕೆ ಹಳೆಯ ಆಯಿಲ್ ಕಾರಣವಾಗಿರುವ ಸಾಧ್ಯತೆ ಕಡಿಮೆ. ಡಿಸ್ಕ್ ಪೂರ್ತಿ ತಣ್ಣಗಾದ ಮೇಲೆ ಗಾಡಿಯನ್ನು ಜಾಕಿಗೆ ಏರಿಸಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಅನಂತರ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಬಿಚ್ಚಿ, ಅದನ್ನು ಹೋಸಿನಿಂದ ಜೋತುಬಿಡದೆ ತಂತಿಯಿಂದ ಕಟ್ಟಿ, ಎರಡೂ ಪ್ಯಾಡ್‌ಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ. ಪಿಸ್ಟನ್ ಒಂದೇ ಕಡೆ ಇರುವ ಕ್ಯಾಲಿಪರ್‌ನಲ್ಲಿ ಒಳಗಿನ ಪ್ಯಾಡ್ ತೀರಾ ಸವೆದು ಹೊರಗಿನದು ದಪ್ಪವಾಗಿಯೇ ಉಳಿದಿದ್ದರೆ, ಸ್ಲೈಡ್ ಪಿನ್ (ಕ್ಯಾಲಿಪರ್ ಪಕ್ಕಕ್ಕೆ ಜಾರಲು ಇರುವ ಪಿನ್) ಹಿಡಿದುಕೊಂಡಿದೆ ಎಂದೇ ನಾನು ಮೊದಲು ಅನುಮಾನಿಸುತ್ತೇನೆ.

ಉತ್ತರ 2:
ಕ್ಯಾಲಿಪರ್ ಬಿಚ್ಚುವ ಮೊದಲು ಇನ್ನೊಂದು ಪರೀಕ್ಷೆ ಮಾಡುವುದು ಒಳ್ಳೆಯದು. ಚಕ್ರ ಬಿಗಿಯಾಗಿ ತಿರುಗುತ್ತಿರುವಾಗಲೇ ಕ್ಯಾಲಿಪರ್‌ನಿಂದ ಆಯಿಲ್ ಮತ್ತು ಏರ್ ಹೊರಬಿಡುವ ಬ್ಲೀಡರ್ ನಿಪ್ಪಲ್ ಅನ್ನು ಸ್ವಲ್ಪ ಸಡಿಲಿಸಿ. ತಕ್ಷಣ ಚಕ್ರ ಸಲೀಸಾದರೆ ಒತ್ತಡ ಲೈನಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಆಗ ಒಳಗೆ ಊದಿಕೊಂಡ ಹೋಸ್ ಅಥವಾ ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಆಯಿಲ್‌ಗೆ ಒತ್ತಡ ಕೊಡುವ ಭಾಗ) ಕಡೆ ನೋಡಬೇಕು. ಆಗಲೂ ಬಿಗಿಯಾಗಿಯೇ ಇದ್ದರೆ ದೋಷ ಕ್ಯಾಲಿಪರ್‌ನಲ್ಲಿಯೇ ಇದೆ. ಹೊರಬಂದ ಆಯಿಲ್ ಬಣ್ಣವನ್ನು ತಿನ್ನುತ್ತದೆಯಾದ್ದರಿಂದ ಬಿದ್ದ ಕಡೆ ಕೂಡಲೇ ನೀರು ಹಾಕಿ ತೊಳೆಯಿರಿ, ಪ್ಯಾಡ್‌ಗೆ ಮಾತ್ರ ತಾಗಲೇಬಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಗಿಯಾಗಿಯೇ ಇತ್ತು. ಬಿಚ್ಚಿದಾಗ ಕೆಳಗಿನ ಪಿನ್ನಿನ ರಬ್ಬರ್ ಬೂಟ್ ಹರಿದಿತ್ತು. ಒಳಗೆ ಗ್ರೀಸ್ ಇರಬೇಕಾದಲ್ಲಿ ಒಣಗಿದ ಕೆಸರು ತುಕ್ಕಿನೊಡನೆ ಸೇರಿ ಗಟ್ಟಿ ಪದರವಾಗಿತ್ತು. ಒಳಗಿನ ಪ್ಯಾಡ್ 1 ಮಿ.ಮೀ. ಕೂಡ ಉಳಿದಿಲ್ಲ, ಹೊರಗಿನದು 4 ಮಿ.ಮೀ. ಇದೆ.

ಉತ್ತರ 1:
ಹಾಗಾದರೆ ಪಿನ್ ಮತ್ತು ಬೂಟ್ ಎರಡನ್ನೂ ಹೊಸದಾಗಿ ಹಾಕಿ. ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಬಳಸಬೇಕು, ಏಕೆಂದರೆ ಸಾಮಾನ್ಯ ಗ್ರೀಸ್ ತಾಗಿದರೆ ಆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ. ಪ್ಯಾಡ್‌ಗಳನ್ನು ಮುಂದಿನ ಎರಡೂ ಚಕ್ರಗಳಿಗೆ ಜೊತೆಯಾಗಿಯೇ ಬದಲಿಸಿ. ಒಂದೇ ಬದಿಗೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಡಿಸ್ಕ್‌ನ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆದು, ಅದರ ಮೇಲೆ ಅಚ್ಚಾಗಿರುವ ಕನಿಷ್ಠ ಅಳತೆಯೊಂದಿಗೆ ಹೋಲಿಸುವುದನ್ನು ಮರೆಯಬೇಡಿ.

ಉತ್ತರ 2:
ಆಯಿಲ್ ವಿಷಯವನ್ನೂ ಈಗಲೇ ಮುಗಿಸಿಬಿಡಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರುವ ಅದರ ಕುದಿಬಿಂದು, ಸುಮಾರು ಶೇ. 3.7ರಷ್ಟು ನೀರು ಸೇರಿದಾಗ 155 ಡಿಗ್ರಿಯವರೆಗೂ ಇಳಿಯಬಹುದು. ನಿಮ್ಮ ಡಿಸ್ಕ್ ಕಾದಿರುವ ರೀತಿ ನೋಡಿದರೆ ಆ ಕ್ಯಾಲಿಪರ್‌ನಲ್ಲಿ ಆಯಿಲ್ ಕುದಿದು ಆವಿಯ ಗುಳ್ಳೆಗಳಾಗಿರಬಹುದು, ಲಿವರ್ ಒಳಗೆ ಹೋಗುತ್ತಿರುವುದಕ್ಕೆ ಅದೂ ಒಂದು ಕಾರಣವಿರಬಹುದು. ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲನ್ನೇ ಹಾಕಿ, ಡಾಟ್ 5 ಸಿಲಿಕೋನ್ ಆಯಿಲನ್ನು ಇದಕ್ಕೆ ಬೆರೆಸಲೇಬೇಡಿ. ಏರ್ ತೆಗೆಯುವಾಗ ಲಿವರ್ ಬಿಡುವ ಮೊದಲೇ ನಿಪ್ಪಲ್ ಬಿಗಿಯಬೇಕು, ಇಲ್ಲವಾದರೆ ಗಾಳಿ ಮತ್ತೆ ಒಳಗೆ ಸೇರುತ್ತದೆ.